ಕೆಸರಾದ ಅಕ್ರಿಲಿಕ್ ಚಿತ್ರಕ್ಕೆ ಮರುಜೀವ

ಅಕ್ರಿಲಿಕ್ ಚಿತ್ರ ಮಿತಿಮೀರಿ ತಿದ್ದಿದರೆ ಕಳೆಗುಂದುತ್ತದೆ. ನೀಲಿ ಮತ್ತು ಕಿತ್ತಳೆಯಂಥ ವಿರುದ್ಧ ಬಣ್ಣಗಳು ಹಸಿಯಿರುವಾಗಲೇ ಬೆರೆತು ಬೂದುಗಂದಾಗುತ್ತವೆ. ಬಿಳಿ ಹೆಚ್ಚಾದರೆ ಸುಣ್ಣದ ಮಂಕು ಕವಿಯುತ್ತದೆ. ರೋಣದ ಎರೆಸೀಮೆಯ ಬೇಸಿಗೆಯಲ್ಲಿ ತೆಳು ಪದರ ಕೆಲವೇ ನಿಮಿಷಗಳಲ್ಲಿ ಒಣಗುತ್ತದೆ. ಅರೆ ಒಣಗಿದ್ದರ ಮೇಲೆ ಬ್ರಷ್ ಎಳೆದರೆ ಬಣ್ಣ ಕಿತ್ತು ಬರುತ್ತದೆ.

ಚಿತ್ರವನ್ನು ಉಳಿಸುವುದೂ ಬೇಗ ಒಣಗುವ ಇದೇ ಗುಣ. ನೀರು ಆರಿದಾಗ ಪಾಲಿಮರ್ ಕಣಗಳು ಬೆಸೆದು ನೀರಿಗೆ ಕರಗದ ಪೊರೆಯಾಗುತ್ತವೆ. ಆದ್ದರಿಂದ ಕೆಟ್ಟ ಪದರದ ಮೇಲೆ ಹೊಸ ಪದರವನ್ನು ನಿರ್ಭಯವಾಗಿ ಹಾಕಬಹುದು. ಜಲವರ್ಣಕ್ಕೆ ಈ ಭಾಗ್ಯವಿಲ್ಲ.

ಮೊದಲು ಬ್ರಷ್ ಕೆಳಗಿಡಬೇಕು. ಅತಿ ಕಷ್ಟದ ಹಂತ ಇದೇ. ಚಿತ್ರ ಪೂರ್ತಿ ಒಣಗಿದ ಮೇಲೆ ಮೊಬೈಲಿನಲ್ಲಿ ಅದರ ಕಪ್ಪು-ಬಿಳುಪು ಫೋಟೋ ತೆಗೆದರೆ ನೆರಳು-ಬೆಳಕು ಎಲ್ಲಿ ಒಂದಾಗಿದೆಯೆಂದು ತಿಳಿಯುತ್ತದೆ. ಉಬ್ಬಿದ ಬ್ರಷ್ ಗೆರೆಗಳನ್ನು ನುಣುಪು ಮರಳುಕಾಗದದಿಂದ (ವಾಟರ್ ಪೇಪರ್), ಒದ್ದೆ ಮಾಡಿ, ಹಗುರವಾಗಿ ಉಜ್ಜಬೇಕು.

ಗಜೇಂದ್ರಗಡದ ಬಳಿಯ ಸೂಡಿಯಲ್ಲಿರುವ, ಕಲ್ಯಾಣ ಚಾಲುಕ್ಯರ ಕಾಲದ ನಾಗಕುಂಡ ಪುಷ್ಕರಣಿಯನ್ನು ಬಿಡಿಸುವವರಿಗೆ ಈ ಉಪಾಯ ಬಹಳ ಬೇಕಾಗುತ್ತದೆ. ಮೆಟ್ಟಿಲು, ಗೋಡೆಯ ಪುಟ್ಟ ಗುಡಿಗಳು ಎಲ್ಲವನ್ನೂ ಬಿಡಿಬಿಡಿಯಾಗಿ ತಿದ್ದಹೋದಾಗ ಕಲ್ಲಿನ ಘನತೆಯೇ ಕಳೆದುಹೋಗುತ್ತದೆ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನಾ ಬೆರೆಸಿ ನೆರಳನ್ನೆಲ್ಲ ಅಗಲ ಬ್ರಷ್ಷಿನಿಂದ ಒಂದಾಗಿಸಬೇಕು. ಬಿಸಿಲು ಬೀಳುವ ಅಂಚಿಗಷ್ಟೇ ಟೈಟಾನಿಯಂ ವೈಟ್ ಹಚ್ಚಿ, ಒಣಗಿದ ಮೇಲೆ ಅಕ್ರಿಲಿಕ್ ಮೀಡಿಯಂ ಬೆರೆಸಿದ ತೆಳು ಹಳದಿಯ ಗ್ಲೇಜ್ (ಪಾರದರ್ಶಕ ಪದರ) ಕೊಟ್ಟರೆ ಕಲ್ಲು ಒಳಗಿನಿಂದಲೇ ಬೆಳಗುತ್ತದೆ. ಅಕ್ರಿಲಿಕ್‌ನ ನಿಜವಾದ ಸೊಬಗು ಅದು. ಒಂದು ಗ್ಲೇಜ್ ಒಣಗುವ ತನಕ ಇನ್ನೊಂದನ್ನು ಹಾಕಬಾರದು. ವಾರ್ನಿಷ್ ಕೊನೆಗೆ, ಚಿತ್ರ ಚೆನ್ನಾಗಿ ಆರಿದ ಬಳಿಕ.