ಕೊಮಾಲದ ಪಿಸುಮಾತು

ನಾನಿರುವ ಟಿ. ದಾಸರಹಳ್ಳಿಯಲ್ಲಿ ಈಚೆಗೆ ಒಂದು ಸಂಜೆ ಸ್ಪ್ಯಾನಿಷ್ ಪರಂಪರೆಯ ಹೆಸರಿನಲ್ಲಿ ಸಣ್ಣದೊಂದು ಸಮಾರಂಭ ನಡೆಯಿತು. ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಿ ಸೆಪ್ಟೆಂಬರ್ 15ರಿಂದ ಅಕ್ಟೋಬರ್ 15ರವರೆಗೆ ಇಂಥ ಆಚರಣೆಯುಂಟು. 1968ರಲ್ಲಿ ಒಂದು ವಾರದ್ದಾಗಿ ಹುಟ್ಟಿ, 1988ರಲ್ಲಿ ತಿಂಗಳಿಗೆ ಬೆಳೆಯಿತು. ಅಲ್ಲಿ ಮಗಳ ಮನೆಯಲ್ಲಿದ್ದು ಬಂದ ನೆರೆಯವರೊಬ್ಬರು ಆ ಉತ್ಸಾಹವನ್ನು ಇಲ್ಲಿಗೂ ತಂದರು. ಅಗಲ ಅಂಚಿನ ಟೋಪಿ, ಗಿಟಾರಿನ ಸಂಗೀತ, ಮೆಕ್ಕೆಜೋಳದ ರೊಟ್ಟಿಯಲ್ಲಿ ಮಡಿಸಿದ ಪಲ್ಯ, ಎಲ್ಲವೂ ಇದ್ದುವು. ವಿಜಯಪುರದ ಕಡೆಯ ಅಜ್ಜಿಯೊಬ್ಬರು ರೊಟ್ಟಿಯನ್ನು ತಿರುಗಿಸಿ ನೋಡಿ, "ಇದು ನಮ್ಮ ರೊಟ್ಟೀನ ಅಲ್ಲೇನ್ರೀ, ಸಣ್ಣದಾಗೇತಿ ಅಷ್ಟ" ಎಂದರು. ಆ ಮಾತಿನಲ್ಲಿ ಅವರೇ ಅರಿಯದ ಸತ್ಯವೂ ಇತ್ತು. ಮೆಕ್ಕೆಜೋಳ, ಮೆಣಸಿನಕಾಯಿ, ಟೊಮೇಟೊ ಮೂರೂ ಆ ಸೀಮೆಯಿಂದಲೇ ಕಡಲು ದಾಟಿ ಬಂದವು. ತಳ್ಳುಗಾಡಿಯವನು ದಿನವೂ ಕೂಗುವ 'ಸಪೋಟ' ಎಂಬ ಹೆಸರು ಕೂಡ, ಸ್ಪೇನಿನವರು ಗೆದ್ದ ಮೆಕ್ಸಿಕೋದ ನಾವಾತಲ್ ಭಾಷೆಯ ಮಾತು.

ಅಧ್ಯಕ್ಷರು ನನಗೆ ಎರಡು ಮಾತನಾಡಲು ಹೇಳಿದರು. ನಾನು ಕೈಯಲ್ಲಿ ಹಿಡಿದು ಹೋಗಿದ್ದುದು ಹ್ವಾನ್ ರುಲ್ಫೊನ ಕಾದಂಬರಿ 'ಪೆದ್ರೊ ಪರಾಮೊ', ಓ. ಎಲ್. ನಾಗಭೂಷಣಸ್ವಾಮಿಯವರು ಅದನ್ನು ಕನ್ನಡಕ್ಕೆ ತಂದಿದ್ದಾರೆ. ಪುಸ್ತಕದ ವಿಷಯವನ್ನು ಕೇಳಿದೊಡನೆ ಅಧ್ಯಕ್ಷರು, "ಸಂತೋಷದ ಹೊತ್ತಿನಲ್ಲಿ ಸತ್ತವರ ಕಥೆ ಯಾಕೆ ಸಾರ್?" ಎಂದು ನಕ್ಕರು. ನಾನೂ ನಕ್ಕು ಕುಳಿತೆ. ಅಲ್ಲಿ ಆಡದೆ ಉಳಿದ ಮಾತನ್ನು ಇಲ್ಲಿ ಆಡುತ್ತಿದ್ದೇನೆ.

ರುಲ್ಫೊ 1917ರಲ್ಲಿ ಮೆಕ್ಸಿಕೋದ ಹಲಿಸ್ಕೊ ಪ್ರಾಂತದಲ್ಲಿ ಹುಟ್ಟಿದವನು. ಬಾಲ್ಯದಲ್ಲಿಯೇ ತಂದೆ ಕೊಲೆಯಾದುದನ್ನೂ, 1926ರಿಂದ 1929ರವರೆಗಿನ ಕ್ರಿಸ್ತೇರೊ ದಂಗೆಯಲ್ಲಿ ತನ್ನ ಸೀಮೆ ನಲುಗಿದುದನ್ನೂ ಕಂಡವನು. 1953ರ ಕಥಾಸಂಗ್ರಹ, 1955ರ ಈ ಕಾದಂಬರಿ, ಈ ಎರಡು ತೆಳು ಪುಸ್ತಕಗಳ ಮೇಲೆಯೇ ಅವನ ಕೀರ್ತಿ ನಿಂತಿದೆ. ತಾಯಿಗೆ ಕೊಟ್ಟ ಮಾತಿನಂತೆ ಹ್ವಾನ್ ಪ್ರೆಸಿಯಾದೊ ಎಂಬಾತ ತಂದೆಯನ್ನು ಹುಡುಕುತ್ತ ಕೊಮಾಲ ಎಂಬ ಹಳ್ಳಿಗೆ ಬರುತ್ತಾನೆ. ದಾರಿ ತೋರಿದವನು, ಇರಲು ಜಾಗ ಕೊಟ್ಟವಳು, ಮಾತನಾಡಿಸಿದವರು ಎಲ್ಲರೂ ಸತ್ತವರೆಂದು ತಿಳಿಯುವ ಹೊತ್ತಿಗೆ ಅವನೂ ಸತ್ತಿರುತ್ತಾನೆ. ಉಳಿದ ಕಥೆಯನ್ನು ಗೋರಿಯೊಳಗಿಂದ ಕೇಳುತ್ತಾನೆ.

ಉತ್ಸವಪ್ರಿಯರು ಗಮನಿಸಬೇಕಾದ ಸನ್ನಿವೇಶವೊಂದು ಇದರಲ್ಲಿದೆ. ಜಮೀನುದಾರ ಪೆದ್ರೊ ಪರಾಮೊನ ಪ್ರಿಯೆ ಸುಸಾನಾ ತೀರಿಕೊಂಡಾಗ ಇಗರ್ಜಿಯ ಗಂಟೆಗಳು ಹಗಲಿರುಳು ಮೊಳಗುತ್ತವೆ. ಆ ಸದ್ದು ಕೇಳಿ ಸುತ್ತಲ ಊರುಗಳ ಜನ ಬರುತ್ತಾರೆ. ವಾದ್ಯದವರು ಬರುತ್ತಾರೆ, ಸರ್ಕಸ್ಸಿನವರೂ ಬರುತ್ತಾರೆ, ಸೂತಕ ಜಾತ್ರೆಯಾಗುತ್ತದೆ. ರೊಚ್ಚಿಗೆದ್ದ ಪೆದ್ರೊ ಕೈಕಟ್ಟಿ ಕುಳಿತು, ಊರು ಹಸಿವಿನಿಂದ ಸಾಯಲೆಂದು ಬಿಡುತ್ತಾನೆ. ಒಬ್ಬನ ಕೈಯಲ್ಲಿ ಅಷ್ಟು ಜನರ ಅನ್ನವಿದ್ದುದೇ ಇಲ್ಲಿನ ದೊಡ್ಡ ಅನ್ಯಾಯ. ಆದರೆ ಗಂಟೆ ಯಾತಕ್ಕೆ ಹೊಡೆಯುತ್ತಿದೆಯೆಂದು ಕೇಳದೆ ಕುಣಿದವರ ಚಿತ್ರವೂ ಮನಸ್ಸಿನಿಂದ ಅಳಿಯದು. ನಮ್ಮ ಸಂಜೆಯಲ್ಲಿ ನನಗೆ ನೆನಪಾದುದು ಅದೇ.

ಈ ಕೃತಿಗೆ ರುಲ್ಫೊ ಮೊದಲು ಇಟ್ಟುಕೊಂಡಿದ್ದ ಹೆಸರು 'ಪಿಸುಮಾತುಗಳು' ಎಂಬರ್ಥದ್ದು. ಪಿಸುಮಾತಿಗೆ ಕನ್ನಡದಲ್ಲೊಂದು ಸಿದ್ಧ ಸಾಧನವಿದೆ: 'ಅಂತೆ'. "ಬಂದನಂತೆ", "ಸತ್ತಳಂತೆ" ಎಂದರೆ ಸಾಕು. ಹೇಳಿದವರು ಯಾರು, ಕಂಡವರು ಯಾರು ಎಂಬುದು ತೆರೆಮರೆಗೆ ಸರಿದು, ಊರೇ ಮಾತನಾಡಿದಂತಾಗುತ್ತದೆ. ಅಜ್ಜಿಯರ ಬಾಯಲ್ಲಿ ಇಂಥ ಮಾತು ಕೇಳಿ ಬೆಳೆದವರಿಗೆ ಕೊಮಾಲ ದೂರದ ಊರಲ್ಲ. ರಾವಬಹಾದ್ದೂರರ 'ಗ್ರಾಮಾಯಣ' ಹೊರಬಂದುದು 1957ರಲ್ಲಿ, ರುಲ್ಫೊನ ಕೃತಿಯಾದ ಎರಡೇ ವರ್ಷಕ್ಕೆ. ಅದೂ ಹಳ್ಳಿಯೊಂದು ಹಾಳಾದ ಕಥೆಯೇ. ನಮ್ಮವರು ಹಾಳಾಗುವುದನ್ನು ಹೆಜ್ಜೆಹೆಜ್ಜೆಯಾಗಿ ಹಬ್ಬಿಸಿ ತೋರಿಸಿದರೆ, ರುಲ್ಫೊ ಹಾಳಾದ ಮೇಲೆ ಉಳಿದ ಸದ್ದನ್ನಷ್ಟೆ ಕೇಳಿಸುತ್ತಾನೆ. ಎರಡನ್ನೂ ಜೊತೆಗಿಟ್ಟು ಓದಿದವರಿಗೆ ಒಂದರಿಂದ ಇನ್ನೊಂದು ತಿಳಿಯಾಗುವುದರಲ್ಲಿ ಸಂದೇಹವಿಲ್ಲ.

ಆದರೂ ಒಂದು ಅಳುಕನ್ನು ಹೇಳದಿರಲಾರೆ. ಪರದೇಶದ ಕೃತಿ ಇಷ್ಟು ಸಲೀಸಾಗಿ ನಮ್ಮದಾದಾಗ, ಅದು ಅವರದೆಂಬುದೇ ಮರೆತೀತು. 1910ರ ಕ್ರಾಂತಿ, ಬಡವರ ಭೂಮಿಯನ್ನು ನುಂಗಿದ ಜಮೀನುದಾರಿ, ಹಣವುಳ್ಳವನಿಗೆ ಮಣಿಯುವ ಪಾದ್ರಿ, ಇವೆಲ್ಲ ಮೆಕ್ಸಿಕೋದ ಗಾಯಗಳು. ಅವನ್ನು ಅರಿಯದೆ ಓದಿದರೆ ಕಾದಂಬರಿ ಬರಿಯ ದೆವ್ವದ ಕಥೆಯಾಗುತ್ತದೆ. ಟೋಪಿ ತೊಟ್ಟು ಮೆಕ್ಸಿಕೋ ಕಂಡೆವೆಂಬುದಕ್ಕೂ ಇದಕ್ಕೂ ಹೆಚ್ಚಿನ ಅಂತರವಿಲ್ಲ. ಪರಂಪರೆಯೆಂದರೆ ಅದರ ನಲಿವು ಮಾತ್ರವಲ್ಲ. ಸ್ಪೇನಿನ ಭಾಷೆ ಆ ನಾಡಿಗೆ ಬಂದದ್ದೇ ದಂಡಿನೊಡನೆ. 1521ರಲ್ಲಿ ತೆನೊಚ್ತಿತ್ಲಾನ್ ನಗರ ಬಿದ್ದ ಮೇಲೆ ಅದು ಆಳಿತು. ಗೆದ್ದವರ ಆ ಭಾಷೆಯಲ್ಲಿಯೇ ಸೋತವರ ದನಿಯನ್ನು ಉಳಿಸಿಕೊಟ್ಟದ್ದು ರುಲ್ಫೊನ ಹಿರಿಮೆ.

ದಾಸರಹಳ್ಳಿಯ ಹೆಸರಿನಲ್ಲಿ ಇನ್ನೂ 'ಹಳ್ಳಿ' ಉಳಿದಿದೆ. ನಗರಸಭೆಯಾಗಿದ್ದ ಊರು 2007ರಲ್ಲಿ ಬೃಹತ್ ಬೆಂಗಳೂರಿನಲ್ಲಿ ಸೇರಿಹೋಯಿತು. ಪೀಣ್ಯದ ಕಾರ್ಖಾನೆಗಳಿಗೆ ದುಡಿಯಲು ಬಂದವರ ಮನೆಗಳು ಎದ್ದವು. ಇಲ್ಲಿಯ ಹಳಬರ ಮಾತನ್ನಾಗಲಿ, ಬಂದವರು ಬಿಟ್ಟು ಬಂದ ಊರುಗಳ ಮಾತನ್ನಾಗಲಿ ಕೇಳಿದವರು ಎಷ್ಟು ಮಂದಿ?

ಮುಂದಿನ ವರ್ಷ ಟೋಪಿಯೂ ಇರಲಿ, ರೊಟ್ಟಿಯೂ ಇರಲಿ. ಜೊತೆಗೆ ಈ ಕಾದಂಬರಿಯ ಹತ್ತು ಪುಟವನ್ನು ಯಾರಾದರೂ ಗಟ್ಟಿಯಾಗಿ ಓದಲಿ. ಆಮೇಲೆ ಆ ವಿಜಯಪುರದ ಅಜ್ಜಿಯನ್ನು, "ನಿಮ್ಮೂರಿನ ಕಥೆ ಏನು ಅಜ್ಜಿ?" ಎಂದು ಕೇಳೋಣ.