ಟ್ಯಾಬ್‌ನಿಂದ ಪ್ರಿಂಟ್, ಅಂಗಡಿಯ ಡೌನ್‌ಲೋಡ್ಸ್

ಟ್ಯಾಬ್‌ನಿಂದ ತಂತಿಯಿಲ್ಲದೆ ಪ್ರಿಂಟ್ ತೆಗೆಯೋ ವ್ಯವಸ್ಥೆ ಕೆಟ್ಟದ್ದೇನಲ್ಲ. ಆದರೆ ಅದನ್ನು ಮಾಡಿದವರ ಕಣ್ಣಮುಂದೆ ನಮ್ಮೂರು ಇರಲಿಲ್ಲ.

ಮೊದಲು ಅದರ ಪಾಲಿನ ಹೊಗಳಿಕೆ ಕೊಟ್ಟುಬಿಡೋಣ. 2010ರ ನವೆಂಬರ್‌ನಲ್ಲಿ ಐಪ್ಯಾಡಿಗೆ ಏರ್‌ಪ್ರಿಂಟ್ ಬಂತು. 2013ರಲ್ಲಿ ಆಂಡ್ರಾಯ್ಡ್ 4.4ರೊಳಗೇ ಪ್ರಿಂಟ್ ಸೌಲಭ್ಯ ಸೇರಿತು. ಅದೇ ವರ್ಷ ಕೆನಾನ್, ಎಚ್‌ಪಿ, ಸ್ಯಾಮ್‌ಸಂಗ್, ಝೆರಾಕ್ಸ್ ಕಂಪನಿಗಳು ಮೋಪ್ರಿಯಾ ಅನ್ನೋ ಕೂಟ ಕಟ್ಟಿದವು. ಒಂದೊಂದು ಪ್ರಿಂಟರಿಗೆ ಒಂದೊಂದು ಡ್ರೈವರ್ ಹುಡುಕೋ ಕಾಟ ಬಹುಮಟ್ಟಿಗೆ ತಪ್ಪಿತು. ಪುಟವನ್ನು ಟ್ಯಾಬೇ ಸಿದ್ಧಮಾಡಿ ಕಳಿಸೋದರಿಂದ, ತೆರೆ ಮೇಲೆ ಕಂಡ ಒತ್ತಕ್ಷರ ಕಾಗದದ ಮೇಲೂ ಹಾಗೇ ಬೀಳ್ತದೆ.

ಇದೆಲ್ಲ ನಿಂತಿರೋದು ಒಂದು ಊಹೆ ಮೇಲೆ: ಟ್ಯಾಬೂ ಪ್ರಿಂಟರೂ ಒಂದೇ ಮನೆಯ ವೈಫೈನಲ್ಲಿವೆ. ‘ಪ್ರಿಂಟರ್ ಯಾರರ ಇದ್ದೀರೇನ್ರಿ?’ ಅಂತ ಟ್ಯಾಬ್ ಕೂಗ್ತದೆ. ಆ ಕೂಗು ಸಾಮಾನ್ಯವಾಗಿ ಅದೇ ನೆಟ್‌ವರ್ಕಿನ ಗಡಿ ದಾಟೋದಿಲ್ಲ. ಬೆಂಗಳೂರಿನ ಫ್ಲ್ಯಾಟಿಗೆ ಸಾಕು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಬಹಳ ಮಂದಿಗೆ ಪ್ರಿಂಟರ್ ಅಂದ್ರೆ ಝೆರಾಕ್ಸ್ ಅಂಗಡಿ. ಟ್ಯಾಬ್ ಇರೋದು ಮೊಬೈಲ್ ಡೇಟಾದಲ್ಲಿ, ಪ್ರಿಂಟರ್ ಇರೋದು ಅಂಗಡಿಯ ಕಂಪ್ಯೂಟರಿನ ಕೇಬಲ್ಲಿನಲ್ಲಿ. ಕೂಗಿದರೂ ಕೇಳೋರಿಲ್ಲ. ಇಂಟರ್ನೆಟ್ ಮೂಲಕ ದೂರದ ಪ್ರಿಂಟರಿಗೂ ಕಳಿಸ್ತಿದ್ದ ಗೂಗಲ್ ಕ್ಲೌಡ್ ಪ್ರಿಂಟ್ 2020ರ ಕೊನೆಗೆ ಬಾಗಿಲು ಹಾಕಿತು.

ಹಿಂಗಾಗಿ ನಮ್ಮ ಕಡೆ ವೈರ್‌ಲೆಸ್ ಪ್ರಿಂಟಿಂಗ್ ಅಂದ್ರೆ ‘ಈ ನಂಬರಿಗೆ ವಾಟ್ಸಾಪ್ ಮಾಡ್ರಿ ಅಣ್ಣಾರ’ ಅನ್ನೋ ಒಂದು ಮಾತು. ಸೆಟಪ್ ಇಲ್ಲ, ಪಾಸ್‌ವರ್ಡ್ ಇಲ್ಲ. ಸರಳತೆಯಲ್ಲಿ ಏರ್‌ಪ್ರಿಂಟನ್ನೇ ಮೀರಿಸ್ತದೆ. ಆದರೆ ಪಹಣಿ, ಮಾರ್ಕ್ಸ್ ಕಾರ್ಡ್, ಪಾಸ್‌ಬುಕ್, ಆಧಾರ್ ಎಲ್ಲ ಅಂಗಡಿಯ ಫೋನಿನಲ್ಲಿ, ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಉಳಿದುಬಿಡ್ತವೆ. ನೀವು ಮೆಸೇಜ್ ಅಳಿಸಿದರೂ ಕಂಪ್ಯೂಟರಿಗೆ ಇಳಿಸಿಕೊಂಡ ಫೈಲ್ ಹೋಗೋದಿಲ್ಲ. ಅಂಗಡಿಯವರು ಕೆಟ್ಟವರು ಅಂತಲ್ಲ. ಸಾಲಾಗಿ ಗಿರಾಕಿ ನಿಂತಾಗ ಅಳಿಸ್ತಾ ಕೂರೋದಕ್ಕೆ ಯಾರಿಗೆ ಪುರುಸೊತ್ತು?

ಇದಕ್ಕೆ ಉತ್ತರ ಆಗಲೇ ಇದೆ: ವೈಫೈ ಡೈರೆಕ್ಟ್. ಆ ಸೌಲಭ್ಯವಿರೋ ಪ್ರಿಂಟರ್ ತನ್ನದೇ ನೆಟ್‌ವರ್ಕ್ ತೆರೀತದೆ; ರೌಟರ್ ಬೇಡ, ಇಂಟರ್ನೆಟ್ ಬೇಡ, ನಡುವೆ ಇನ್ನೊಬ್ಬರ ಫೋನೂ ಬೇಡ. ಆದರೆ ಅದರ ಸೆಟ್ಟಿಂಗ್ ಪ್ರಿಂಟರಿನ ಮೆನುವಿನೊಳಗೆ ಎಲ್ಲೋ ಅಡಗಿರ್ತದೆ. ಜೋಡಿಸಿದರೂ ಎಷ್ಟೋ ಟ್ಯಾಬ್‌ಗಳು ‘ಇಂಟರ್ನೆಟ್ ಇಲ್ಲ’ ಅಂತ ಗೊಣಗ್ತವೆ. ಅದು ತಪ್ಪಲ್ಲ, ಸರಿಯಾದ ಸ್ಥಿತಿ ಅಂತ ಹೊಸಬರಿಗೆ ಹೇಳೋರು ಯಾರು? ನನ್ನ ತಕರಾರು ಇಲ್ಲೇ: ಊರಿಗೆ ಬೇಕಾದ ದಾರಿಯನ್ನ ಮೂಲೆಗೆ ತಳ್ಳಿ, ಮನೆಯ ವೈಫೈ ದಾರಿಯನ್ನ ಹೆದ್ದಾರಿ ಮಾಡಿದ್ದಾರೆ.

ಈ ಸಲ ಊರಿಗೆ ಹೋದಾಗ ಎರಡು ಕೆಲಸ ಮಾಡಿ. ಆಧಾರ್ ಸಂಖ್ಯೆಯ ಕೊನೆಯ 4 ಅಂಕಿ ಮಾತ್ರ ತೋರಿಸೋ ಮಾಸ್ಕ್ಡ್ ಆಧಾರ್ ಇಳಿಸಿ ಅಪ್ಪನ ಟ್ಯಾಬ್‌ನಲ್ಲಿಡಿ. ಅದು ನಡೆಯೋ ಕಡೆ ಅದನ್ನೇ ಕೊಡಲಿ. ಹಾಗೇ ಪರಿಚಯದ ಅಂಗಡಿಯ ಪ್ರಿಂಟರಿನಲ್ಲಿ ವೈಫೈ ಡೈರೆಕ್ಟ್ ಇದೆಯಾ ನೋಡಿ, ಚಾಲೂ ಮಾಡಿಕೊಟ್ಟು ಬನ್ನಿ.