ಬಿಟ್ಟುದೋ, ಕೊಟ್ಟುದೋ? — ಅಮೆರಿಕದ ಚರ್ಚುಗಳ ತೆರಿಗೆ ವಿನಾಯಿತಿ: ಒಂದು ವಿಮರ್ಶೆ

ಧರ್ಮಸಂಸ್ಥೆಗೂ ಪ್ರಭುತ್ವಕ್ಕೂ ನಡುವಣ ಸಂಬಂಧ ಎಂಥದೆಂಬುದನ್ನು ಅವೆರಡರ ಘೋಷಣೆಗಳಿಂದ ತಿಳಿಯುವುದಕ್ಕಿಂತ ಕಂದಾಯದ ಕಡತಗಳಿಂದ ತಿಳಿಯುವುದು ಮೇಲು. ಕನ್ನಡ ಶಾಸನಗಳನ್ನು ಓದಿದವರಿಗೆ ಇದು ಹೊಸ ಮಾತಲ್ಲ. ದೇವಾಲಯಕ್ಕೋ ಮಠಕ್ಕೋ ಭೂಮಿಯನ್ನು ಒಪ್ಪಿಸುವಾಗ ಅರಸರು ‘ಸರ್ವಬಾಧಾಪರಿಹಾರ’, ‘ಸರ್ವನಮಸ್ಯ’ ಎಂಬ ಮಾತುಗಳಿಂದ ಅದನ್ನು ತೆರಿಗೆಯ ಹೊರೆಯಿಂದ ಪಾರುಮಾಡುತ್ತಿದ್ದರು. ಹಾಗೆ ಒಪ್ಪಿಸಿದುದಕ್ಕೆ ‘ಬಿಟ್ಟ ದತ್ತಿ’ ಎಂದು ಹೆಸರು. ‘ಬಿಡು’ ಎಂಬ ಧಾತುವಿನಲ್ಲಿ ಎರಡು ಅರ್ಥಗಳು ಕೂಡಿಕೊಂಡಿವೆ. ತನ್ನದನ್ನು ಇನ್ನೊಬ್ಬರಿಗೆ ಕೊಡುವುದು ಒಂದು. ಇನ್ನೊಬ್ಬರದರ ಮೇಲೆ ಕೈಹಾಕದೆ ಸುಮ್ಮನಿರುವುದು ಮತ್ತೊಂದು. ಮೊದಲನೆಯದರಲ್ಲಿ ಕೊಡುವವನಿಗೆ ಕಟ್ಟುಪಾಡು ವಿಧಿಸುವ ಅಧಿಕಾರವುಂಟು, ಎರಡನೆಯದರಲ್ಲಿ ಅದಿಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಚರ್ಚುಗಳ ತೆರಿಗೆ ವಿನಾಯಿತಿಯನ್ನೂ ಅವುಗಳ ರಾಜಕೀಯ ಪ್ರವೇಶವನ್ನೂ ಕುರಿತು ನಡೆದುಬಂದಿರುವ ವಾದವಿವಾದವೆಲ್ಲ ಈ ಎರಡು ಅರ್ಥಗಳ ನಡುವಣ ತೊಳಲಾಟವೇ ಆಗಿದೆ.

ಆ ದೇಶದ ಸಂವಿಧಾನಕ್ಕೆ ೧೭೯೧ರಲ್ಲಿ ಸೇರಿದ ಮೊದಲನೆಯ ತಿದ್ದುಪಡಿಯ ಪ್ರಕಾರ ಪ್ರಭುತ್ವವು ಯಾವ ಧರ್ಮವನ್ನೂ ಅಧಿಕೃತ ಧರ್ಮವಾಗಿ ಸ್ಥಾಪಿಸಕೂಡದು. ಧರ್ಮಾಚರಣೆಗೆ ಅಡ್ಡಬರಲೂ ಕೂಡದು. ಪ್ರಾರ್ಥನೆಯ ಕಟ್ಟಡಕ್ಕೆ ಆಸ್ತಿ ತೆರಿಗೆ ಇಲ್ಲದಿರುವುದು ಅಲ್ಲಿನ ಎಲ್ಲ ಸಂಸ್ಥಾನಗಳಲ್ಲಿಯೂ ನಡೆದುಬಂದ ಪದ್ಧತಿ. ಕೇಂದ್ರದ ಆದಾಯ ತೆರಿಗೆ ೧೯೧೩ರಲ್ಲಿ ನೆಲೆಗೊಂಡಾಗ ಧಾರ್ಮಿಕ ಸಂಸ್ಥೆಗಳಿಗೆ ಅದರಿಂದಲೂ ವಿನಾಯಿತಿ ದೊರೆಯಿತು. ೧೯೧೭ರಲ್ಲಿ ಇನ್ನೊಂದು ಅನುಕೂಲ ಕೂಡಿತು: ದಾನಿಯು ತಾನು ಕೊಟ್ಟ ಹಣವನ್ನು ತನ್ನ ತೆರಿಗೆಗೊಳಪಡುವ ಆದಾಯದಿಂದ ಕಳೆದುಕೊಳ್ಳಬಹುದಾಯಿತು. ಈ ಎರಡನ್ನೂ ಬೇರೆಬೇರೆಯಾಗಿ ನೋಡುವುದು ಅಗತ್ಯ. ಚರ್ಚು ತನ್ನ ಕಾಣಿಕೆಯ ಮೇಲೆ ತೆರಿಗೆ ಕೊಡದಿರುವುದು ಒಂದು ಬಗೆ. ಕಾಣಿಕೆ ಹಾಕಿದವನ ತೆರಿಗೆ ಇಳಿಯುವುದು ಇನ್ನೊಂದು ಬಗೆ. ಇತರ ಧರ್ಮಾರ್ಥ ಸಂಸ್ಥೆಗಳು ಸಾಮಾನ್ಯವಾಗಿ ಅರ್ಜಿ ಸಲ್ಲಿಸಿ ಮನ್ನಣೆ ಪಡೆದು ವರ್ಷವರ್ಷವೂ ವರದಿ ಒಪ್ಪಿಸಬೇಕು. ಚರ್ಚಿಗೆ ಈ ಎರಡೂ ಕಡ್ಡಾಯವಿಲ್ಲ. ಕಾನೂನಿನ ‘ಚರ್ಚು’ ಎಂಬ ಮಾತಿನಲ್ಲಿ ಯೆಹೂದ್ಯರ ಪ್ರಾರ್ಥನಾಮಂದಿರ, ಮಸೀದಿ, ದೇವಾಲಯಗಳೂ ಅಡಕವಾಗಿರುವುದರಿಂದ, ಅಲ್ಲಿ ನೆಲಸಿರುವ ಕನ್ನಡಿಗರು ನಡೆದುಕೊಳ್ಳುವ ದೇವಸ್ಥಾನಗಳಿಗೂ ಈ ಚರ್ಚೆ ಹೊರಗಿನದಲ್ಲ.

೨

ವಿನಾಯಿತಿಯ ತಾತ್ತ್ವಿಕ ನೆಲೆಯನ್ನು ಅರಿಯಲು ಮುಖ್ಯವಾದ ಆಕರ, ೧೯೭೦ರ ಮೇ ೪ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಕೊಟ್ಟ ವಾಲ್ಜ್ ಮೊಕದ್ದಮೆಯ ತೀರ್ಪು. ನ್ಯೂಯಾರ್ಕ್ ನಗರದಲ್ಲಿ ಸ್ವಲ್ಪ ಜಮೀನಿದ್ದ ಫ್ರೆಡರಿಕ್ ವಾಲ್ಜ್ ಎಂಬಾತನ ವಾದ ಸರಳವಾದುದು: ಚರ್ಚು ಕೊಡದ ತೆರಿಗೆಯ ಹೊರೆ ಉಳಿದ ಆಸ್ತಿವಂತರ ಮೇಲೆ ಬೀಳುತ್ತದೆ, ಆದುದರಿಂದ ಧರ್ಮಸಂಸ್ಥೆಗಳಿಗೆ ತನ್ನಿಂದ ಪರೋಕ್ಷವಾಗಿ ಕಾಣಿಕೆ ವಸೂಲಾಗುತ್ತಿದೆ. ಮುಖ್ಯ ನ್ಯಾಯಾಧೀಶ ವಾರೆನ್ ಬರ್ಗರ್ ಅವರು ಇದನ್ನು ಒಪ್ಪಲಿಲ್ಲ. ವಿನಾಯಿತಿ ಕೊಡುವಾಗ ಪ್ರಭುತ್ವ ತನ್ನ ಬೊಕ್ಕಸದಿಂದ ಏನನ್ನೂ ಚರ್ಚಿಗೆ ದಾಟಿಸುವುದಿಲ್ಲ. ಚರ್ಚು ತನ್ನನ್ನು ಪೋಷಿಸಬೇಕೆಂದು ಕೇಳುವುದನ್ನು ಬಿಡುತ್ತದೆ, ಅಷ್ಟೆ. ತೆರಿಗೆ ಹಾಕತೊಡಗಿದರೆ ಪ್ರಾರ್ಥನಾಮಂದಿರಕ್ಕೆ ಬೆಲೆ ಕಟ್ಟುವುದು, ಬಾಕಿಗಾಗಿ ಜಪ್ತಿ ಮಾಡುವುದು ಮೊದಲಾದ ವ್ಯವಹಾರಗಳಲ್ಲಿ ಪ್ರಭುತ್ವವು ಧರ್ಮದೊಡನೆ ಇನ್ನಷ್ಟು ಸಿಕ್ಕಿಕೊಳ್ಳುತ್ತದೆ. ಇದು ಅವರ ವಾದದ ಸಾರ. ಸಾರ್ವಜನಿಕ ಪ್ರಶ್ನೆಗಳಲ್ಲಿ ಚರ್ಚುಗಳು ಬಲವಾಗಿ ನಿಲುವು ತಳೆಯುವುದುಂಟೆಂದೂ ಅದು ಅವುಗಳ ಹಕ್ಕೆಂದೂ ಅದೇ ತೀರ್ಪು ಒಪ್ಪಿಕೊಂಡಿದೆ. ಒಬ್ಬಂಟಿಯಾಗಿ ಭಿನ್ನಮತ ಬರೆದ ನ್ಯಾಯಾಧೀಶ ವಿಲಿಯಂ ಡಗ್ಲಸ್ ಅವರಿಗೆ ಮಾತ್ರ ವಿನಾಯಿತಿಯು ಸಹಾಯಧನವಾಗಿಯೇ ಕಂಡಿತು.

ಇಲ್ಲಿಯವರೆಗೆ ವಾದ ಸುಸಂಗತವಾಗಿದೆ. ತೊಡಕು ತಲೆದೋರುವುದು ಹದಿಮೂರು ವರ್ಷಗಳ ಮೇಲೆ. ೧೯೮೩ರ ಮೇ ೨೩ರಂದು, ಚರ್ಚಿಗೆ ಸಂಬಂಧಿಸದ ಸಂಸ್ಥೆಯೊಂದರ ಮೊಕದ್ದಮೆಯಲ್ಲಿ, ನ್ಯಾಯಾಧೀಶ ವಿಲಿಯಂ ರೆನ್‌ಕ್ವಿಸ್ಟ್ ಅವರು ವಿನಾಯಿತಿಯೂ ದಾನದ ಕಡಿತವೂ ತೆರಿಗೆಯ ಮೂಲಕ ಸಲ್ಲುವ ಸಹಾಯಧನವೇ ಎಂದು ಬರೆದರು. ಇವು ಎಲ್ಲ ವಿಧದಲ್ಲಿಯೂ ನಗದು ಸಹಾಯಕ್ಕೆ ಸಮವಲ್ಲವೆಂಬ ಎಚ್ಚರಿಕೆಯ ಮಾತು, ವಾಲ್ಜ್ ತೀರ್ಪಿನ ಉಲ್ಲೇಖದೊಡನೆ, ಅಡಿಟಿಪ್ಪಣಿಗೆ ಸರಿಯಿತು. ಮರುದಿನವೇ ಬಾಬ್ ಜೋನ್ಸ್ ವಿಶ್ವವಿದ್ಯಾಲಯದ ತೀರ್ಪು ಹೊರಬಿತ್ತು. ದಕ್ಷಿಣ ಕೆರೊಲಿನದ ಆ ಕ್ರೈಸ್ತ ವಿದ್ಯಾಸಂಸ್ಥೆಯು ವರ್ಣಾಂತರ ಪ್ರಣಯ ವಿವಾಹಗಳನ್ನು ತನ್ನ ವಿದ್ಯಾರ್ಥಿಗಳಿಗೆ ನಿಷೇಧಿಸಿ, ಅದಕ್ಕೆ ಬೈಬಲ್ಲಿನ ಆಧಾರ ಹೇಳುತ್ತಿತ್ತು. ಅದರ ವಿನಾಯಿತಿಯನ್ನು ತೆಗೆದುದು ಸರಿಯೆಂದು ಬರೆದವರು ಬರ್ಗರ್ ಅವರೇ. ವಿನಾಯಿತಿಯೆಂದರೆ ಉಳಿದ ತೆರಿಗೆದಾರರೆಲ್ಲ ಪರೋಕ್ಷವಾಗಿ ದಾನಿಗಳಾದಂತೆ ಎಂಬುದು ಅಲ್ಲಿ ಅವರ ವಾದದ ಒಂದು ಕಂಬ. ೧೯೭೦ರಲ್ಲಿ ವಾಲ್ಜ್ ಹೇಳಿದ್ದೂ ಇದೇ ಮಾತು. ಅಂದು ತಳ್ಳಿಹಾಕಿದುದನ್ನು ಇಂದು ಅದೇ ಲೇಖನಿ ಎತ್ತಿಕೊಂಡಿತು!

ವರ್ಣಭೇದಕ್ಕೆ ಸಾರ್ವಜನಿಕ ಮನ್ನಣೆ ಸಲ್ಲದೆಂಬ ಫಲಿತಾಂಶ ನ್ಯಾಯವಾದುದೇ, ಅದರಲ್ಲಿ ಸಂಶಯವಿಲ್ಲ. ತಾನು ವಿಚಾರಿಸುತ್ತಿರುವುದು ಧಾರ್ಮಿಕ ಶಾಲೆಗಳನ್ನು ಮಾತ್ರ, ಚರ್ಚುಗಳನ್ನಲ್ಲ ಎಂದು ಆ ತೀರ್ಪು ಗೆರೆ ಎಳೆದುಕೊಂಡಿರುವುದೂ ಉಂಟು. ಆದರೆ ಗೆರೆ ಎಳೆದ ಮಾತ್ರಕ್ಕೆ ತರ್ಕದ ಬಿರುಕು ಮುಚ್ಚುವುದಿಲ್ಲ. ವಿನಾಯಿತಿಯು ಬಿಟ್ಟುದಾದರೆ ಉಳಿದವರು ದಾನಿಗಳಲ್ಲ. ಉಳಿದವರು ದಾನಿಗಳಾದರೆ ಅದು ಕೊಟ್ಟುದು. ಶಾಲೆಯ ಬಾಗಿಲಲ್ಲಿ ಕೊಟ್ಟುದಾಗಿದ್ದುದು ಚರ್ಚಿನ ಬಾಗಿಲಲ್ಲಿ ಬಿಟ್ಟುದಾಗುವುದು ಹೇಗೆ ಎಂಬ ಪ್ರಶ್ನೆಗೆ ಈ ತೀರ್ಪುಗಳು ಉತ್ತರ ಹೇಳಿಲ್ಲ.

೩

ರಾಜಕೀಯ ನಿಷೇಧದ ಕಟ್ಟಳೆ ಹುಟ್ಟಿದುದು ಇಂಥ ಯಾವ ತಾತ್ತ್ವಿಕ ಜಿಜ್ಞಾಸೆಯಿಂದಲೂ ಅಲ್ಲ. ೧೯೫೪ರ ಜುಲೈ ೨ರಂದು ಟೆಕ್ಸಾಸಿನ ಸೆನೆಟರ್ ಲಿಂಡನ್ ಜಾನ್ಸನ್ ಅವರು, ತೆರಿಗೆ ವಿನಾಯಿತಿಯುಳ್ಳ ಧರ್ಮಾರ್ಥ ಸಂಸ್ಥೆಗಳು ಯಾವ ಅಭ್ಯರ್ಥಿಯ ಪರವಾಗಿಯೂ ಚುನಾವಣೆಯಲ್ಲಿ ಪಾಲುಗೊಳ್ಳಬಾರದೆಂಬ ತಿದ್ದುಪಡಿಯನ್ನು ಸಭೆಯ ಮುಂದಿಟ್ಟರು. ಅದರ ಮೇಲೆ ಸಮಿತಿಯ ವಿಚಾರಣೆ ನಡೆಯಲಿಲ್ಲ. ಹೇಳಿಕೊಳ್ಳುವಂಥ ಚರ್ಚೆಯೂ ಆಗಲಿಲ್ಲ. ಟೆಕ್ಸಾಸಿನಲ್ಲಿ ತಮ್ಮ ಎದುರಾಳಿಗೆ ನೆರವಾಗುತ್ತಿದ್ದ ಕೆಲವು ಲಾಭೇತರ ಸಂಸ್ಥೆಗಳ ಬಾಯಿ ಕಟ್ಟುವುದೇ ಅವರ ಉದ್ದೇಶವಾಗಿತ್ತೆಂದೂ ಚರ್ಚುಗಳು ಅವರ ಲಕ್ಷ್ಯದಲ್ಲಿರಲಿಲ್ಲವೆಂದೂ ಇತಿಹಾಸಕಾರರು ಸಾಮಾನ್ಯವಾಗಿ ತಿಳಿಯುತ್ತಾರೆ. ೧೯೮೭ರಲ್ಲಿ ಅಭ್ಯರ್ಥಿಯ ‘ವಿರುದ್ಧವಾಗಿ’ ಎಂಬುದೂ ಕಟ್ಟಳೆಗೆ ಸೇರಿತು. ೫೦೧(ಸಿ)(೩) ಎಂಬ ಕಲಮಿನ ಈ ಮಾತು ಚರ್ಚಿನ ಬಾಯನ್ನು ಪೂರ್ತಿಯಾಗಿ ಮುಚ್ಚುವುದಿಲ್ಲ. ಯುದ್ಧ, ಬಡತನ, ಗರ್ಭಪಾತ, ವರ್ಣಭೇದಗಳನ್ನು ಕುರಿತು ಧರ್ಮಗುರು ಉಪದೇಶಿಸಬಹುದು. ಮತದಾರರ ನೋಂದಣಿಯನ್ನು ಪಕ್ಷಪಾತವಿಲ್ಲದೆ ನಡೆಸಬಹುದು. ಇಂಥವರಿಗೆ ಮತ ಕೊಡಿ, ಇಂಥವರಿಗೆ ಕೊಡಬೇಡಿ ಎಂದು ಸಂಸ್ಥೆಯ ಹೆಸರಿನಲ್ಲಿ ಹೇಳುವುದು ಮಾತ್ರ ನಿಷಿದ್ಧ.

ಈ ನಿಷೇಧ ಕಾರ್ಯರೂಪಕ್ಕೆ ಬಂದ ಎರಡು ಪ್ರಕರಣಗಳನ್ನು ಒತ್ತಟ್ಟಿಗಿರಿಸಿ ನೋಡಿದರೆ ಅದರ ಬಲವೂ ದೌರ್ಬಲ್ಯವೂ ಸ್ಪಷ್ಟವಾಗುತ್ತವೆ. ೧೯೯೨ರ ಅಧ್ಯಕ್ಷ ಚುನಾವಣೆಗೆ ನಾಲ್ಕು ದಿನ ಮುಂಚೆ ನ್ಯೂಯಾರ್ಕ್ ಸಂಸ್ಥಾನದ ಪಿಯರ್ಸ್ ಕ್ರೀಕ್ ಚರ್ಚು ಎರಡು ದೊಡ್ಡ ಪತ್ರಿಕೆಗಳಲ್ಲಿ ಪೂರ್ಣಪುಟದ ಜಾಹೀರಾತು ಹಾಕಿಸಿ, ಬಿಲ್ ಕ್ಲಿಂಟನ್ ಅವರಿಗೆ ಮತ ಕೊಡಬಾರದೆಂದು ಕ್ರೈಸ್ತರನ್ನು ಎಚ್ಚರಿಸಿತು. ಅದೇ ಜಾಹೀರಾತಿನಲ್ಲಿ ಈ ವೆಚ್ಚಕ್ಕಾಗಿ ದಾನ ಕೊಡಬಹುದೆಂದೂ ಆ ದಾನಕ್ಕೆ ತೆರಿಗೆಯ ಕಡಿತ ಸಿಗುವುದೆಂದೂ ಸೂಚಿಸಿತ್ತು. ೧೯೯೫ರಲ್ಲಿ ಕಂದಾಯ ಇಲಾಖೆ ಅದರ ವಿನಾಯಿತಿಯ ಮನ್ನಣೆಯನ್ನು ಹಿಂದೆಗೆದುಕೊಂಡಿತು. ೨೦೦೦ದಲ್ಲಿ ಮೇಲ್ಮನವಿ ನ್ಯಾಯಾಲಯ ಇದನ್ನು ಎತ್ತಿಹಿಡಿಯಿತು. ಇಲ್ಲಿ ತಪ್ಪು ಎಲ್ಲಿದೆಯೆಂಬುದು ಸಾಮಾನ್ಯ ಓದುಗನಿಗೂ ಕಾಣುತ್ತದೆ. ಚುನಾವಣೆಗೆ ಕೊಡುವ ಹಣಕ್ಕೆ ಯಾವ ಪ್ರಜೆಗೂ ಸಿಗದ ಕಡಿತವು ಚರ್ಚಿನ ಮೂಲಕ ಕೊಟ್ಟವನಿಗೆ ಸಿಗುವುದಾಗಿತ್ತು.

ಎರಡನೆಯದು ಕ್ಯಾಲಿಫೋರ್ನಿಯದ ಪ್ಯಾಸಡೀನದ ಆಲ್ ಸೇಂಟ್ಸ್ ಚರ್ಚಿನ ಪ್ರಕರಣ. ೨೦೦೪ರ ಅಕ್ಟೋಬರ್ ೩೧ರಂದು ಅಲ್ಲಿನ ನಿವೃತ್ತ ಧರ್ಮಗುರು ಜಾರ್ಜ್ ರೇಗಸ್ ಅವರು, ಬುಷ್ ಮತ್ತು ಕೆರಿ ಇಬ್ಬರೊಡನೆಯೂ ಏಸು ವಾದಿಸುವಂತೆ ಕಲ್ಪಿಸಿ ಉಪದೇಶ ಮಾಡಿದರು. ಯಾರಿಗೆ ಮತ ಕೊಡಬೇಕೆಂದು ತಾವು ಹೇಳುವುದಿಲ್ಲವೆಂದು ಮೊದಲೇ ತಿಳಿಸಿದ್ದರು. ಇರಾಕಿನ ಯುದ್ಧವನ್ನು ಮಾತ್ರ ತೀವ್ರವಾಗಿ ಖಂಡಿಸಿದ್ದರು. ೨೦೦೫ರಲ್ಲಿ ಇಲಾಖೆಯ ಪತ್ರ ಬಂದಿತು. ೨೦೦೭ರಲ್ಲಿ ವಿಚಾರಣೆ ಮುಗಿದಾಗ, ಉಪದೇಶವು ಚುನಾವಣೆಯಲ್ಲಿ ಕೈಹಾಕಿದಂತಾಯಿತೆಂದು ಹೇಳಿದ ಇಲಾಖೆ ದಂಡನೆಯನ್ನೇನೂ ವಿಧಿಸಲಿಲ್ಲ. ಇಲ್ಲಿ ಹಣದ ಮಾತಿಲ್ಲ, ಜಾಹೀರಾತಿಲ್ಲ. ಭಾನುವಾರದ ಆರಾಧನೆಯಲ್ಲಿ ಆಡಿದ ಮಾತಿನ ಧ್ವನ್ಯರ್ಥವನ್ನು ಕಂದಾಯದ ಅಧಿಕಾರಿ ಅರ್ಥೈಸಬೇಕಾಯಿತು. ಸಾಹಿತ್ಯ ವಿಮರ್ಶಕನಿಗೇ ಕಷ್ಟಸಾಧ್ಯವಾದ ಈ ಕೆಲಸವನ್ನು ತೆರಿಗೆಯ ಕಚೇರಿಗೆ ಒಪ್ಪಿಸುವುದು ಎಷ್ಟು ಯುಕ್ತ?

೪

ಕಟ್ಟಳೆ ಹೀಗೆ ಕಾಗದದ ಮೇಲೆ ಕಠಿಣವೂ ಆಚರಣೆಯಲ್ಲಿ ಸಡಿಲವೂ ಆಗಿದೆ. ೨೦೦೮ರ ಸೆಪ್ಟೆಂಬರಿನಲ್ಲಿ ೩೩ ಮಂದಿ ಧರ್ಮಗುರುಗಳು ಒಂದೇ ಭಾನುವಾರ ಅಭ್ಯರ್ಥಿಗಳ ವಿಷಯವನ್ನು ಉಪದೇಶಪೀಠದಿಂದಲೇ ಮಾತಾಡಿ ಕಾನೂನಿಗೆ ಸವಾಲು ಹಾಕಿದರು. ಅದರಿಂದ ಯಾವ ಚರ್ಚೂ ವಿನಾಯಿತಿ ಕಳೆದುಕೊಳ್ಳಲಿಲ್ಲ. ೨೦೨೫ರ ಜುಲೈನಲ್ಲಿ ಟೆಕ್ಸಾಸಿನ ಮೊಕದ್ದಮೆಯೊಂದರಲ್ಲಿ ಕಂದಾಯ ಇಲಾಖೆಯೇ ವಾದಿಗಳೊಡನೆ ಕೂಡಿ, ಆರಾಧನೆಯ ಸಂದರ್ಭದಲ್ಲಿ ಚರ್ಚು ತನ್ನ ಸಭೆಯೊಡನೆ ಅಭ್ಯರ್ಥಿಗಳನ್ನು ಕುರಿತು ಆಡುವ ಮಾತು ನಿಷೇಧಕ್ಕೆ ಒಳಪಡುವುದಿಲ್ಲವೆಂದು ಒಪ್ಪಿ, ಅದಕ್ಕೆ ಸಂಸಾರದೊಳಗಿನ ಮಾತುಕತೆಯ ಹೋಲಿಕೆ ಕೊಟ್ಟಿತು.

ಈ ಉಪಮೆಯನ್ನು ಪರೀಕ್ಷಿಸಬೇಕು. ಮನೆಯ ಹಿರಿಯ ಮಕ್ಕಳೊಡನೆ ಮಾತಾಡುವಂತೆ ಗುರು ಭಕ್ತರೊಡನೆ ಮಾತಾಡುತ್ತಾನೆಂಬಷ್ಟರಲ್ಲಿ ಸಾದೃಶ್ಯ ಸರಿ. ಆದರೆ ಮನೆಯವರು ಹಿರಿಯನಿಗೆ ಕೊಟ್ಟ ಹಣಕ್ಕೆ ತೆರಿಗೆಯ ಕಡಿತವಿಲ್ಲ. ಮನೆಯ ಮಾತು ಸಾವಿರಾರು ಜನರಿಗೆ ಬಿತ್ತರವಾಗುವುದಿಲ್ಲ. ಉಪಮಾನದಲ್ಲಿಲ್ಲದ ಹಣ ಉಪಮೇಯದಲ್ಲಿದೆ. ವಿವಾದದ ಮೂಲವೇ ಆ ಹಣ.

ಚರ್ಚು ರಾಜಕೀಯದಿಂದ ಪೂರ್ತಿ ದೂರವಿರಲಿ ಎಂಬ ಇನ್ನೊಂದು ಪಕ್ಷವೂ ಇತಿಹಾಸದ ಮುಂದೆ ನಿಲ್ಲಲಾರದು. ೧೯೫೫ರಲ್ಲಿ ಮಾಂಟ್ಗೊಮರಿಯ ಬಸ್ಸು ಬಹಿಷ್ಕಾರ ನೆಲೆ ಕಂಡುದು ಕರಿಯರ ಚರ್ಚುಗಳಲ್ಲಿ. ೧೯೬೫ರಲ್ಲಿ ಸೆಲ್ಮದ ನಡಿಗೆ ಹೊರಟುದು ಬ್ರೌನ್ ಚಾಪೆಲ್ ಎಂಬ ಚರ್ಚಿನಿಂದ. ತೆರಿಗೆಯ ಅಧಿಕಾರದಲ್ಲಿ ನಾಶಮಾಡುವ ಅಧಿಕಾರವೂ ಅಡಗಿದೆಯೆಂದು ೧೮೧೯ರಲ್ಲಿಯೇ ಮುಖ್ಯ ನ್ಯಾಯಾಧೀಶ ಜಾನ್ ಮಾರ್ಷಲ್ ಎಚ್ಚರಿಸಿದ್ದರು. ೧೯೬೦ರಲ್ಲಿ ಅಲಬಾಮ ಸಂಸ್ಥಾನವು ಮಾರ್ಟಿನ್ ಲೂಥರ್ ಕಿಂಗ್ ಅವರ ಮೇಲೆ ಆದಾಯ ತೆರಿಗೆಯ ಲೆಕ್ಕದಲ್ಲಿ ಸುಳ್ಳು ಹೇಳಿದರೆಂಬ ಆರೋಪ ಹೊರಿಸಿತು; ಬಿಳಿಯರಷ್ಟೇ ಇದ್ದ ಪಂಚಾಯ್ತರ ಮಂಡಲಿಯೇ ಅವರನ್ನು ನಿರ್ದೋಷಿಯೆಂದಿತು. ಅನ್ಯಾಯವನ್ನು ಖಂಡಿಸುವ ಗುರುವಿನ ಮೇಲೆ ಕಂದಾಯದ ಅಸ್ತ್ರ ತಿರುಗಬಲ್ಲುದೆಂಬ ಭಯ ನಿರಾಧಾರವಲ್ಲ.

ಆದುದರಿಂದ ಗೆರೆಯನ್ನು ಮಾತಿನ ಮೇಲೆ ಎಳೆಯುವುದಕ್ಕಿಂತ ಹಣದ ಮೇಲೆ ಎಳೆಯುವುದು ಹೆಚ್ಚು ವಿವೇಕ. ಚರ್ಚಿನ ಕಾಣಿಕೆಗೆ ತೆರಿಗೆ ಇಲ್ಲದಿರುವುದು ಬಿಟ್ಟುದು. ಅದರ ನೆಪದಲ್ಲಿ ಉಪದೇಶವನ್ನು ಶೋಧಿಸಬಾರದು. ದಾನಿಗೆ ಸಿಗುವ ಕಡಿತ ಕೊಟ್ಟುದು. ಆ ಹಣ ಒಬ್ಬ ಅಭ್ಯರ್ಥಿಯ ಪ್ರಚಾರಕ್ಕೆ ಹರಿಯದಂತೆ ತಡೆಯುವ ಹಕ್ಕು ಪ್ರಜೆಗಳೆಲ್ಲರದು. ಉಪದೇಶಕ್ಕೆ ಬೇಕಾದ ದೀಪಕ್ಕೂ ಧ್ವನಿವರ್ಧಕಕ್ಕೂ ಹಣವೇ ಬೇಕಲ್ಲವೆ ಎಂಬ ಆಕ್ಷೇಪಣೆ ಬರಬಹುದು. ಆದರೆ ಆರಾಧನೆಗೆ ಹೇಗೂ ಆಗುವ ವೆಚ್ಚ ಬೇರೆ, ಚುನಾವಣೆಗೆಂದೇ ಮಾಡುವ ವೆಚ್ಚ ಬೇರೆ. ಎರಡನೆಯದನ್ನು ಲೆಕ್ಕದ ಪುಸ್ತಕದಲ್ಲಿ ಗುರುತಿಸಬಹುದು, ಮನಸ್ಸಿನ ಇಂಗಿತವನ್ನು ಹಾಗೆ ಗುರುತಿಸಲಾಗದು.

ಕಾನೂನು ಮಾಡಬಹುದಾದುದು ಇಷ್ಟು. ಉಳಿದುದು ಧರ್ಮಪೀಠಕ್ಕೆ ಸೇರಿದುದು. ಪ್ರಭುವನ್ನು ಪ್ರಶ್ನಿಸುವ ಗುರುವಿನ ಮಾತಿಗೆ ತೂಕವಿರುವುದು ಅವನು ಯಾವ ಪ್ರಭುವಿನ ಕಡೆಯವನೂ ಅಲ್ಲವೆಂಬ ನಂಬಿಕೆಯಿಂದ. ಅಭ್ಯರ್ಥಿಯೊಬ್ಬನ ಹೆಸರು ಹಿಡಿದ ದಿನ ಅವನಿಗೆ ತೆರಿಗೆಯ ವಿನಾಯಿತಿ ಉಳಿದೀತು. ಗೆದ್ದ ಅಭ್ಯರ್ಥಿ ನಾಳೆ ತಪ್ಪಿದಾಗ ‘ತಪ್ಪು’ ಎನ್ನುವ ಅಧಿಕಾರ ಮಾತ್ರ ಅವನ ಕೈಯಲ್ಲಿ ಉಳಿಯುವುದಿಲ್ಲ.